ಪಾತರಗಿತ್ತಿಗೆ ಯಾವ ಗಿಡ ಹಾಕೋಣ?

ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ ಮೊಬೈಲ್ ಹಿಡಿದು ಕೂತರೆ, ಸೀರೆಗಳ ನಡುವೆ ಈಗ ಗಿಡಗಳ ಜಾಹೀರಾತೂ ಬರುತ್ತದೆ. ಅದರಲ್ಲಿ ಕಣ್ಣು ಸೆಳೆಯುವುದು ‘ಡ್ವಾರ್ಫ್ ಬಟರ್‌ಫ್ಲೈ ಬುಷ್’ ಎಂಬ ಪುಟ್ಟ ಪೊದೆ. ಎರಡು ಮೂರು ಅಡಿ ಎತ್ತರ, ಮೈತುಂಬಾ ನೇರಳೆ ಹೂವಿನ ತೆನೆ, ತೆನೆಗೊಂದು ಚಿಟ್ಟೆ! ಕುಂಡದಲ್ಲೇ ಬೆಳೆಯುತ್ತದಂತೆ, ಜಾಗ ಬೇಡವಂತೆ, ವರ್ಷವಿಡೀ ಹೂವಂತೆ. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಡಲು ಜಾಗ ಹುಡುಕುವ ನಮ್ಮಂಥವರಿಗೆ ಆಸೆಯಾಗದೇ ಇದ್ದೀತೇ?

ನಮ್ಮ ಓಣಿಯ ಸೊಸೆಯೊಬ್ಬಳು ತರಿಸಿಯೇಬಿಟ್ಟಳು. ಅವಳ ತವರು ಕಮಲಾಪುರ. ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಸುಮಾರು 35-40 ಕಿಲೋಮೀಟರ್ ದೂರದ, ಕೆಂಪು ಬಾಳೆಗೆ ಹೆಸರಾದ ಊರು. ಬಾಳೆ ತೋಟದಲ್ಲಿ ಆಡಿ ಬೆಳೆದ ಹುಡುಗಿಗೆ ಇಲ್ಲಿ ಸಿಕ್ಕಿದ್ದು ಫರ್ಸಿ ಕಲ್ಲು ಹಾಸಿದ ಅಂಗಳ ಮತ್ತು ಸಿಮೆಂಟಿನ ಮಾಳಿಗೆ. ಚಳಿಗಾಲದಲ್ಲಿ ಎರಡು ಗಿಡ ಬಂದವು, ಜನವರಿಯಲ್ಲಿ ಒಂದೆರಡು ತೆನೆ ಹೂವೂ ಬಿಟ್ಟವು. ಯುಗಾದಿ ಕಳೆಯುವಷ್ಟರಲ್ಲಿ ಎಲೆ ಅಂಚು ಸುಟ್ಟವು. “ದಿನಾ ಎರಡು ಸಲ ನೀರು ಹಾಕಲಕತ್ತೀನ್ರಿ ಅಕ್ಕಾರೆ, ಆದ್ರೂ ಒಣಗಲಕತ್ಯಾವ ನೋಡ್ರಿ” ಎಂದು ನನ್ನ ಬಳಿ ಬಂದಳು. ಆ ಹೊತ್ತಿಗೆ ಮನೆಯಲ್ಲಿ ಮಾತು ಶುರುವಾಗಿತ್ತು. “ಕುಡಿಲಾಕ ನೀರಿಲ್ದಂಗ ಆಗ್ಯಾದ, ಈಕಿ ಪಾತರಗಿತ್ತಿಗಿ ನೀರು ಹಾಕಲಕತ್ಯಾಳ” ಅಂತ ಮಾವನವರು. ಮೇ ತಿಂಗಳಲ್ಲಿ ಗಿಡ ಎರಡೂ ಹೋದವು. ಗಿಡ ಹೋದದ್ದಕ್ಕಿಂತ, ಇನ್ನು ಈ ಮನೆಯಲ್ಲಿ ಗಿಡದ ಮಾತು ಎತ್ತುವ ಹಾಗಿಲ್ಲ ಅನ್ನುವುದೇ ಅವಳಿಗೆ ದೊಡ್ಡ ನೋವಾಯಿತು.

ಇದು ಅವಳೊಬ್ಬಳ ಕಥೆಯಲ್ಲ. ಹೂ ಬಿಡದ ಗಿಡಕ್ಕೆ ರೊಕ್ಕ ಹಾಕಿ, ನೀರು ಹಾಕಿ, ಕೊನೆಗೆ ‘ನಿನ್ನ ಕೈಗುಣ ಚೆನ್ನಾಗಿಲ್ಲ’ ಅನ್ನಿಸಿಕೊಂಡವರು ನಮ್ಮ ನಡುವೆ ಎಷ್ಟು ಜನ! ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಗಿಡದ ಊರು ಯಾವುದು ಅಂತ ಕೇಳದೇ ತಂದರೆ ಹೀಗೇ ಆಗುವುದು.

ಈ ಗಿಡದ ಜಾತಕ

ಬಟರ್‌ಫ್ಲೈ ಬುಷ್ ಅಂದರೆ ಬಡ್ಲಿಯಾ. ಆಡಂ ಬಡಲ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರು ಸಸ್ಯಗಳ ಅಧ್ಯಯನದಲ್ಲಿ ತೊಡಗಿದ್ದರು. ಅವರ ನೆನಪಿಗೆ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಕುಲಕ್ಕೆ ಆ ಹೆಸರಿಟ್ಟರು. ಎಲ್ಲರೂ ಬೆಳೆಸುವ ನೇರಳೆ ಹೂವಿನ ಜಾತಿ ಚೀನಾದ ಬೆಟ್ಟ ಪ್ರದೇಶದ್ದು. 19ನೇ ಶತಮಾನದ ಕೊನೆಯಲ್ಲಿ ಅದು ಯುರೋಪಿನ ತೋಟಗಳಿಗೆ ಬಂತು. ಅಲ್ಲಿ ಎಂಟು ಹತ್ತು ಅಡಿ ಬೆಳೆದು, ಗಾಳಿಯಲ್ಲಿ ಲಕ್ಷಗಟ್ಟಲೆ ಬೀಜ ತೂರಿ, ರೈಲು ಹಳಿಯ ಪಕ್ಕ, ಪಾಳು ಗೋಡೆಯ ಬಿರುಕು ಎಲ್ಲೆಂದರಲ್ಲಿ ಹುಟ್ಟಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಕುಸಿದ ಲಂಡನ್ನಿನ ಕಟ್ಟಡಗಳ ಇಟ್ಟಿಗೆ ರಾಶಿಯ ಮೇಲೂ ಬೆಳೆಯಿತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಇದನ್ನು ಕಳೆಯ ಪಟ್ಟಿಗೆ ಸೇರಿಸಿ, ಬೀಜ ಕಟ್ಟುವ ಹಳೆಯ ತಳಿಗಳ ಮಾರಾಟಕ್ಕೆ ನಿರ್ಬಂಧ ಹಾಕಿದರು.

ಗಿಡ್ಡ ತಳಿಗಳು ಬಂದದ್ದು ಆಮೇಲೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಡೆನ್ನಿಸ್ ವರ್ನರ್ ಎಂಬ ತಳಿತಜ್ಞರು ಎರಡು ಮೂರು ಅಡಿಯಲ್ಲೇ ನಿಲ್ಲುವ, ಬೀಜ ಬಹಳ ಕಡಿಮೆ ಕಟ್ಟುವ ‘ಬ್ಲೂ ಚಿಪ್’ ಎಂಬ ತಳಿಯನ್ನು ರೂಪಿಸಿದರು. ಜಾಹೀರಾತಿನ ಚಿತ್ರದಲ್ಲಿ ನಾವು ನೋಡುವುದು ಇಂಥ ತಳಿಗಳನ್ನು. ಮನೆಗೆ ಬರುವ ಪೊಟ್ಟಣದಲ್ಲಿ ಅದೇ ಇರುತ್ತದೆ ಅನ್ನುವ ಖಾತ್ರಿ ಏನೂ ಇಲ್ಲ. ಅದರಲ್ಲೂ ‘ಡ್ವಾರ್ಫ್ ಬಟರ್‌ಫ್ಲೈ ಬುಷ್ ಬೀಜ’ ಎಂದು ಮಾರುವವರ ಹತ್ತಿರ ಹುಷಾರಾಗಿರಿ. ಗಿಡ್ಡ ತಳಿಗಳನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆಯೇ ಹೊರತು ಬೀಜದಿಂದಲ್ಲ. ಬೀಜವೇ ಸರಿಯಾಗಿ ಕಟ್ಟದ ಗಿಡದ ಬೀಜ ಎಲ್ಲಿಂದ ಬರಬೇಕು ಹೇಳಿ?

ಚಳಿಗಾಲದಲ್ಲಿ ಹಿಮ ಬೀಳುವ, ಬೇಸಿಗೆ ಹಿತವಾಗಿರುವ ಊರಿನ ಗಿಡ ಇದು. ಊಟಿಯಂಥ ಕಡೆ ಚೆನ್ನಾಗಿ ಬಂದೀತು. ನಮ್ಮಲ್ಲಿ ಏಪ್ರಿಲ್-ಮೇ ಬಂದರೆ ಬಿಸಿಲು 42 ಡಿಗ್ರಿ ದಾಟುತ್ತದೆ. ಮೇಲಿಂದ ಸೂರ್ಯ, ಕೆಳಗಿಂದ ಕಾದ ಶಹಾಬಾದ್ ಕಲ್ಲು. ರಾತ್ರಿ ಹತ್ತಾದರೂ ಆ ಕಲ್ಲು ಬಿಸಿ ಬಿಡುವುದಿಲ್ಲ ಅನ್ನುವುದು ಬರಿಗಾಲಲ್ಲಿ ಅಂಗಳಕ್ಕಿಳಿದವರಿಗೆ ಗೊತ್ತು. ಅಂಥಲ್ಲಿ ಪ್ಲಾಸ್ಟಿಕ್ ಕುಂಡದ ಬೇರಿನ ಗತಿ ಏನಾದೀತು! ಕಾದ ಮಣ್ಣಿಗೆ ದಿನಕ್ಕೆ ಎರಡು ಸಲ ನೀರು ಸುರಿದರೆ ಬೇರು ಕೊಳೆಯುತ್ತದೆ, ಎಲೆ ಬಾಡುತ್ತದೆ. ಎಲೆ ಬಾಡಿತೆಂದು ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಬೇಸಿಗೆಯಲ್ಲಿ ಎಷ್ಟೋ ಕುಂಡದ ಗಿಡಗಳು ಸಾಯುವುದು ನೀರಿಲ್ಲದೇ ಅಲ್ಲ, ಹೀಗೆ.

ಆದರೂ ಒಮ್ಮೆ ಬೆಳೆಸಿ ನೋಡಲೇಬೇಕು ಅನ್ನುವವರು ದಸರಾ ಕಳೆದ ಮೇಲೆ ನೆಡಿ. 14 ಇಂಚಿನ ಮಣ್ಣಿನ ಕುಂಡ ಇರಲಿ. ಎರೆಮಣ್ಣು ಬೇಡವೇ ಬೇಡ. ಅದು ನೀರು ಹಿಡಿದಿಟ್ಟುಕೊಂಡು ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ ಸಾಕು. ಬೆಳಗಿನ ಬಿಸಿಲು ಬೀಳುವ ಪೂರ್ವದ ಬದಿ ಒಳ್ಳೆಯದು. ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡವಾದ್ದರಿಂದ ಬಾಡಿದ ತೆನೆಯನ್ನು ಆಗಾಗ ಕತ್ತರಿಸುತ್ತಿರಿ. ಮಾರ್ಚ್‌ಗೆ ಅರ್ಧಕ್ಕೆ ಸವರಿ ನೆರಳಿಗೆ ಸರಿಸಿ. ಇಷ್ಟೆಲ್ಲ ಮಾಡಿದ ಮೇಲೂ ಚಳಿಗಾಲದ ಸೇವಂತಿಗೆಯಂತೆ ನಾಲ್ಕು ತಿಂಗಳ ಅತಿಥಿ ಅಂದುಕೊಂಡೇ ಬೆಳೆಸಿದರೆ ಬೇಸರವಾಗದು. ನನ್ನನ್ನು ಕೇಳಿದರೆ, ಅಷ್ಟು ಉಪಚಾರವನ್ನು ನಮ್ಮ ಗಿಡಗಳಿಗೇ ಮಾಡಬಹುದು.

ಖಾನಾವಳಿ ಬೇರೆ, ತವರುಮನೆ ಬೇರೆ

ಬಡ್ಲಿಯಾದಲ್ಲಿ ಇನ್ನೊಂದು ಕೊರತೆಯಿದೆ. ಹೂವಿಗೆ ಚಿಟ್ಟೆ ಬರುತ್ತದೆ ನಿಜ, ಮಧು ಕುಡಿಯುತ್ತದೆ, ಹೋಗುತ್ತದೆ. ನಮ್ಮ ಕಡೆಯ ಚಿಟ್ಟೆಗಳು ಮೊಟ್ಟೆ ಇಡುವುದಕ್ಕೆ ಹುಡುಕುವ ಗಿಡ ಅದಲ್ಲ. ಅಂದರೆ ಅದೊಂದು ಖಾನಾವಳಿ ಇದ್ದ ಹಾಗೆ. ಊಟಕ್ಕೆ ಯಾವ ಖಾನಾವಳಿಯಾದರೂ ನಡೆದೀತು, ಬಾಣಂತನಕ್ಕೆ ತವರುಮನೆಯೇ ಬೇಕಲ್ಲ!

ಚಿಟ್ಟೆಯ ಮರಿಹುಳು ಸಿಕ್ಕ ಎಲೆಯನ್ನೆಲ್ಲ ತಿನ್ನುವುದಿಲ್ಲ. ಒಂದೊಂದು ಜಾತಿಗೆ ಒಂದೋ ಎರಡೋ, ಹೆಚ್ಚೆಂದರೆ ಒಂದು ಬಳಗದ ಗಿಡಗಳ ಎಲೆ ಮಾತ್ರ ಒಗ್ಗುತ್ತದೆ. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು, ಮುಂಗಾಲಿನಿಂದ ತಟ್ಟಿ ರುಚಿ ನೋಡಿ, ಇದೇ ಹೌದು ಅನ್ನಿಸಿದ ಮೇಲೆ ಮೊಟ್ಟೆ ಇಡುತ್ತದೆ. ಚಿಟ್ಟೆಗೆ ಕಾಲಿನಲ್ಲೇ ನಾಲಿಗೆ! ಆ ಗಿಡ ಓಣಿಯಲ್ಲೆಲ್ಲೂ ಇಲ್ಲದಿದ್ದರೆ ಎಷ್ಟು ಹೂ ಬೆಳೆಸಿದರೂ ಚಿಟ್ಟೆ ದಾರಿಹೋಕನಂತೆ ಬಂದು ಹೋಗುತ್ತದೆ, ಅಷ್ಟೇ.

ಸಂತೋಷದ ವಿಷಯವೆಂದರೆ ಅಂಥ ಗಿಡಗಳು ನಮ್ಮ ಅಡುಗೆಮನೆ, ದೇವರಮನೆಯ ಲೆಕ್ಕದಲ್ಲೇ ಇವೆ. ಕರಿಬೇವು, ನಿಂಬೆ, ಬಿಲ್ವಪತ್ರಿ ಮೂರೂ ಒಂದೇ ಕುಟುಂಬದ ಗಿಡಗಳು. ಹಳದಿ-ಕಪ್ಪು ಚೌಕುಳಿಯ ನಿಂಬೆ ಚಿಟ್ಟೆಗೆ ಮತ್ತು ಕಪ್ಪು ರೆಕ್ಕೆಯ ಮೇಲೆ ಬಿಳಿ ಚುಕ್ಕೆ ಸಾಲಿರುವ ಕಾಮನ್ ಮಾರ್ಮನ್ ಚಿಟ್ಟೆಗೆ ಇವೇ ತವರು. ದೇವರ ಹೂವಿಗೆಂದು ಬೆಳೆಸುವ ಕಣಗಿಲ ಗಿಡದಲ್ಲಿ ಕಾಮನ್ ಕ್ರೋ ಎಂಬ ಕಂದು ಚಿಟ್ಟೆ ಮೊಟ್ಟೆ ಇಡುತ್ತದೆ. ಅದರ ಕೋಶವನ್ನು ಒಮ್ಮೆಯಾದರೂ ನೋಡಬೇಕು ನೀವು. ಬೆಳ್ಳಿಯ ಜುಮಕಿಯನ್ನು ಎಲೆಯ ಕೆಳಗೆ ತೂಗುಹಾಕಿದಂತೆ ಥಳಥಳ ಹೊಳೆಯುತ್ತದೆ! ಖಾಲಿ ಸೈಟಿನಲ್ಲಿ ತಾನಾಗಿ ಬೆಳೆಯುವ ಎಕ್ಕೆ ಗಿಡ ಕೇಸರಿ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯದು. ಔಡಲದ್ದು ಕಾಮನ್ ಕ್ಯಾಸ್ಟರ್ ಎಂಬ ಇಟ್ಟಿಗೆ ಬಣ್ಣದ ಚಿಟ್ಟೆ. ಹಳದಿ ಹೂವಿನ ಹೊನ್ನಾವರಿಕೆ, ಕೆಲವರು ತಂಗಡಿ ಅಂತಾರಲ್ಲ, ಅದನ್ನು ಬೇಲಿಗೆ ಹಾಕಿದರೆ ತಿಳಿಹಸಿರು-ಬಿಳಿ ಎಮಿಗ್ರೆಂಟ್ ಚಿಟ್ಟೆಗಳು ಹುಡುಕಿಕೊಂಡು ಬರುತ್ತವೆ. ಕಳೆ ಅಂತ ಕಿತ್ತೆಸೆಯುವ ಗೋಣಿ ಸೊಪ್ಪಿನಲ್ಲೂ ಒಂದು ಚಿಟ್ಟೆ ಸಂಸಾರ ಹೂಡುತ್ತದೆ. ಊರ ಹೊರಗೆ ತೊಗರಿ ಹೂ ಬಿಟ್ಟ ಕಾಲಕ್ಕೆ ಸುಳಿದಾಡುವ ಉಗುರಗಲದ ನೀಲಿ ಚಿಟ್ಟೆಗಳನ್ನು ನೋಡಿರಬಹುದು. ಅವುಗಳ ಮರಿಗೆ ತೊಗರಿಯ ಮೊಗ್ಗು-ಕಾಯಿಯೇ ಊಟ. ರೈತರಿಗೆ ಅದು ಸಂತೋಷದ ವಿಷಯವಲ್ಲ ಅನ್ನುವುದನ್ನೂ ಹೇಳಿಬಿಡಬೇಕು.

ಕರ್ನಾಟಕದ ರಾಜ್ಯ ಚಿಟ್ಟೆಯೆಂದು ಹೆಸರಾದ, ಅಂಗೈಗಿಂತ ದೊಡ್ಡದಾದ ಸದರ್ನ್ ಬರ್ಡ್‌ವಿಂಗ್ ಮಾತ್ರ ನಮ್ಮ ಅಂಗಳಕ್ಕೆ ಬರುವುದಿಲ್ಲ. ಅದು ಸಹ್ಯಾದ್ರಿ ಕಾಡಿನದು, ಅದರ ಮರಿಗೆ ಈಶ್ವರಿ ಬಳ್ಳಿಯ ಜಾತಿಯೇ ಆಗಬೇಕು. ನೋಡಬೇಕೆಂದರೆ ಬೆಂಗಳೂರಿಗೆ ಹೋದಾಗ 2006ರಲ್ಲಿ ಶುರುವಾದ ಬನ್ನೇರುಘಟ್ಟದ ಚಿಟ್ಟೆ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಕರಿಬೇವಿನ ಜಗಳ

ಇಲ್ಲೇ ನಿಜವಾದ ಪೇಚು ಬರುವುದು. ಚಿಟ್ಟೆ ಚಂದ, ಸರಿ. ಆದರೆ ಕುಂಡದಲ್ಲಿ ಕಷ್ಟಪಟ್ಟು ಮೊಳಕಾಲೆತ್ತರ ಬೆಳೆಸಿದ ಕರಿಬೇವನ್ನು ನಾಲ್ಕು ಹುಳು ಸೇರಿ ಒಂದು ವಾರದಲ್ಲಿ ಬರೀ ಕಡ್ಡಿ ಮಾಡಿಟ್ಟರೆ? ಒಗ್ಗರಣೆಗೆ ಎಲೆ ಬೇಡವೇ? ಹುಳು ಕಚ್ಚಿದ ಪತ್ರಿ ಪೂಜೆಗೂ ಬರುವುದಿಲ್ಲ. ಅತ್ತೆಯವರು ‘ಮೊದಲು ಔಷಧ ಹೊಡಿ’ ಅಂದರೆ ಅದು ತಪ್ಪೆಂದು ನಾನು ಹೇಳಲಾರೆ. ತಿನ್ನುವ ಎಲೆ ಅದು.

ಹಾಗಾಗಿ ಪಾಲು ಮಾಡಿಕೊಳ್ಳುವುದೇ ಸರಿ. ಅಡುಗೆಯ ಕರಿಬೇವು ಒಂದು, ಹುಳುವಿನ ಕರಿಬೇವು ಇನ್ನೊಂದು. ಹಣ್ಣಾದ ಕರಿಬೇವಿನ ಬೀಜವನ್ನು ತಿರುಳು ತೆಗೆದು ಕೂಡಲೇ ಊರಿದರೆ ಚೆನ್ನಾಗಿ ಹುಟ್ಟುತ್ತದೆ, ಖರ್ಚಿಲ್ಲ. ಬೀಜ ಒಣಗಿಸಿ ಇಡಬೇಡಿ, ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಅಥವಾ ನಿಂಬೆ ಬೀಜ ನಾಲ್ಕು ಹಾಕಿ. ಕಾಯಿ ಬಿಡಲು ವರ್ಷಗಟ್ಟಲೆ ಬೇಕು, ಆದರೆ ನಮಗೆ ಬೇಕಿರುವುದು ಎಲೆ ತಾನೆ! ಅಡುಗೆಯ ಗಿಡದಲ್ಲಿ ಹುಳು ಕಂಡರೆ ಎಲೆ ಸಮೇತ ಚಿವುಟಿ ಈ ಗಿಡಕ್ಕೆ ಸಾಗಿಸಿ. ಕರಿಬೇವಿನದನ್ನು ಕರಿಬೇವಿಗೇ ಬಿಟ್ಟರೆ ಉತ್ತಮ. ಬೆಳೆದ ಹುಳುವಿಗೆ ಎಲೆ ಬದಲಾದರೆ ಕೆಲವೊಮ್ಮೆ ಮುಟ್ಟುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿ ಬಣ್ಣದ ದುಂಡನೆಯ ಮೊಟ್ಟೆ ಒಂಟಿಯಾಗಿ ಇರುತ್ತದೆ. ಮೂರು ನಾಲ್ಕು ದಿನಕ್ಕೆ ಮರಿ. ಮೊದಮೊದಲು ಅದು ಹಕ್ಕಿ ಹಿಕ್ಕೆ ಬಿದ್ದ ಹಾಗೆಯೇ ಕಾಣುತ್ತದೆ, ಹಕ್ಕಿಗೆ ಮೋಸ ಮಾಡುವ ಉಪಾಯ. ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಚಾಚಿ ಒಂಥರಾ ವಾಸನೆ ಬಿಡುತ್ತದೆ. ಹೆದರಬೇಡಿ, ಕಚ್ಚುವುದಿಲ್ಲ. ಎರಡು ಮೂರು ವಾರ ಬಕಾಸುರನಂತೆ ತಿಂದು ಕೋಶ ಕಟ್ಟುತ್ತದೆ. ಬೇಸಿಗೆ-ಮಳೆಗಾಲದಲ್ಲಿ ಒಂದು ತಿಂಗಳೊಳಗೆ ಚಿಟ್ಟೆ ಹೊರಬರುತ್ತದೆ, ಚಳಿಗಾಲದಲ್ಲಿ ಇನ್ನಷ್ಟು ನಿಧಾನ. ಬರಿದಾದ ಕರಿಬೇವಿಗೆ ತುದಿ ಚಿವುಟಿ ಒಂದು ಹಿಡಿ ಎರೆಗೊಬ್ಬರ, ಒಂದು ಲೋಟ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹಾಕಿ. ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ತೀರಾ ಎಳೆಯ ಸಸಿಯಾದರೆ ಮಾತ್ರ ಹುಳು ಬಿಡಬೇಡಿ, ತಡೆಯಲಾರದು.

ಮಕ್ಕಳಿಗೆ ತುರಿಕೆಯಾದೀತು ಅನ್ನುವ ಭಯ ಹಲವರಿಗಿದೆ. ನುಗ್ಗೆ ಮರದ ಕಾಂಡಕ್ಕೆ ಗುಂಪುಗುಂಪಾಗಿ ಅಂಟಿಕೊಳ್ಳುವ ಮೈತುಂಬಾ ಕೂದಲಿನ ಕಂಬಳಿಹುಳು ತುರಿಕೆ ತರುತ್ತದೆ ನಿಜ. ಅದು ಚಿಟ್ಟೆಯ ಮರಿಯಲ್ಲ, ಪತಂಗದ ಮರಿ. ಕರಿಬೇವು, ನಿಂಬೆ, ಎಕ್ಕೆಯ ಮೇಲಿನ ಚಿಟ್ಟೆ ಮರಿಗಳ ಮೈ ನುಣುಪು. ಔಡಲದ ಹುಳುವಿಗೆ ಮುಳ್ಳಿನಂಥ ಕವಲುಗಳಿದ್ದರೂ ವಿಷವಿಲ್ಲ. ಆದರೂ ಕೂದಲಿನ ಹುಳು ಯಾವುದನ್ನೂ ಬರಿಗೈಲಿ ಮುಟ್ಟಬಾರದು ಅಂತಲೇ ಮಕ್ಕಳಿಗೆ ಹೇಳಿಕೊಡಿ.

ಅದಕ್ಕಿಂತ ಎಚ್ಚರ ಬೇಕಾದ್ದು ಗಿಡಗಳ ಬಗ್ಗೆ. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಬಿದ್ದರೆ ಧಾರಾಳ ನೀರಿನಿಂದ ತೊಳೆದು ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು. ಕಣಗಿಲದ ಬೇರು, ಎಲೆ, ಬೀಜ ಎಲ್ಲವೂ ವಿಷ, ಔಡಲದ ಬೀಜವೂ ಹಾಗೇ. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಈ ಮೂರನ್ನು ಹೊಸದಾಗಿ ನೆಡುವ ಗೋಜಿಗೆ ಹೋಗಬೇಡಿ. ಕರಿಬೇವು-ನಿಂಬೆಯೇ ಸಾಕು.

ನೇರಳೆ ತೆನೆಯ ಬದಲಿಗೆ

ಇನ್ನು ಖಾನಾವಳಿ. ಬಟರ್‌ಫ್ಲೈ ಬುಷ್‌ನ ಜಾಗಕ್ಕೆ ಕುಂಡದಲ್ಲಿ ಗಿಡ್ಡವಾಗಿ ನಿಲ್ಲುವ, ನಮ್ಮ ಬಿಸಿಲು ತಡೆಯುವ ಗಿಡ ಯಾವುದು? ನನ್ನ ಮೊದಲ ಓಟು ಪೆಂಟಾಸ್‌ಗೆ. ಆಫ್ರಿಕಾ ಮೂಲದ್ದು, ಬಿಸಿಲಿನದೇ ಮಗು. ಒಂದೂವರೆ ಅಡಿಯ ಗಿಡ್ಡ ತಳಿಗಳು ನರ್ಸರಿಯಲ್ಲಿ ಸಿಗುತ್ತವೆ. ನಕ್ಷತ್ರದಂಥ ಪುಟ್ಟ ಹೂಗಳ ಗೊಂಚಲು, ಕೆಂಪು, ಗುಲಾಬಿ, ಬಿಳಿ, ತಿಳಿನೇರಳೆ. ಕಡ್ಡಿ ನೆಟ್ಟರೆ ಹತ್ತುತ್ತದೆ, ಗೆಳತಿಯ ಮನೆಯಿಂದ ಒಂದು ರೆಂಬೆ ತಂದರೆ ಆಯಿತು. ಬಾಡಿದ ಗೊಂಚಲು ಕತ್ತರಿಸುತ್ತಾ ಹೋದರೆ ಕಡು ಬೇಸಿಗೆಯ ಒಂದೆರಡು ತಿಂಗಳು ಬಿಟ್ಟು ಹೂ ತಪ್ಪುವುದಿಲ್ಲ.

ಎರಡನೆಯದು ಜಿನಿಯಾ ಮತ್ತು ಚೆಂಡುಹೂ. ರೋಹಿಣಿ-ಮೃಗಶಿರಾ ಮಳೆ ಬಿದ್ದ ಕೂಡಲೇ ಬೀಜ ಚೆಲ್ಲಿದರೆ ಶ್ರಾವಣ ಮುಗಿಯುವ ಹೊತ್ತಿಗೆ ಹೂ. ಮಳೆಗಾಲದಿಂದ ದೀಪಾವಳಿವರೆಗೆ ನಮ್ಮ ಕಡೆ ಚಿಟ್ಟೆಗಳು ಹೆಚ್ಚು, ಲೆಕ್ಕ ಸರಿಹೋಗುತ್ತದೆ. ಒಂದೇ ಸುತ್ತು ದಳವಿರುವ ಜಿನಿಯಾ ಆರಿಸಿ. ಗುಂಡಗೆ ದಟ್ಟ ದಳ ತುಂಬಿದ ಹೂ ನೋಡಲು ಚೆಂದ, ಆದರೆ ಚಿಟ್ಟೆಯ ಸೊಂಡಿಲಿಗೆ ಮಧು ಎಟುಕುವುದು ಕಷ್ಟ. ನೆಲದಲ್ಲಿ ಜಾಗವಿದ್ದವರಿಗೆ ರತ್ನಗಂಧಿಗಿಂತ ಒಳ್ಳೆಯದಿಲ್ಲ. ಸವರಿದಷ್ಟೂ ಗಿಡ್ಡವಾಗಿ ಹೂ ಬಿಡುತ್ತದೆ, ನೀರನ್ನೂ ಹೆಚ್ಚು ಕೇಳದು. ನಿತ್ಯಪುಷ್ಪವಂತೂ ಕಲ್ಲಿನ ಸಂದಿಯಲ್ಲೂ ಬದುಕುತ್ತದೆ. ತುಳಸಿಯ ಕದಿರನ್ನು ಪೂರ್ತಿ ಚಿವುಟದೆ ಒಂದೆರಡು ಬಿಟ್ಟರೆ ಸಣ್ಣ ಚಿಟ್ಟೆ, ಜೇನು ಎರಡೂ ಬರುತ್ತವೆ.

ಇಕ್ಸೋರಾ ಬಗ್ಗೆ ಎಲ್ಲ ಪುಸ್ತಕದಲ್ಲೂ ಬರೆದಿರುತ್ತದೆ. ಬೆಂಗಳೂರು, ಮಂಗಳೂರಿನವರಿಗೆ ಅದು ಸರಿ. ನಮ್ಮದು ಸುಣ್ಣಕಲ್ಲಿನ ನಾಡು. ಶಹಾಬಾದ್ ಕಲ್ಲೂ ಸುಣ್ಣಕಲ್ಲೇ, ವಾಡಿ-ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಇರುವುದೂ ಅದಕ್ಕೇ. ಇಂಥ ಮಣ್ಣು, ಗಡಸು ಬೋರ್ ನೀರು ಎರಡೂ ಇಕ್ಸೋರಾಗೆ ಆಗಿಬರುವುದಿಲ್ಲ. ಎಲೆಯ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿ ತಿರುಗಿದರೆ ಗಿಡಕ್ಕೆ ಕಬ್ಬಿಣದಂಶ ಸಿಗುತ್ತಿಲ್ಲ ಅಂತ ಅರ್ಥ. ಮಳೆ ನೀರು ಹಿಡಿದಿಟ್ಟು ಹಾಕುವ ತಾಳ್ಮೆ ಇದ್ದವರು ಬೆಳೆಸಲಿ.

ಲಂಟಾನ ಹೆಸರು ತೆಗೆದರೆ ಮಲೆನಾಡಿನವರು ಕೋಲು ಹಿಡಿದಾರು. 19ನೇ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಭಾರತಕ್ಕೆ ತಂದ ಈ ಗಿಡ ಬಂಡೀಪುರದಂಥ ಕಾಡುಗಳನ್ನೇ ನುಂಗಿದೆ. ಇಂಗ್ಲೆಂಡಿನಲ್ಲಿ ಬಡ್ಲಿಯಾ ಮಾಡಿದ್ದನ್ನು ನಮ್ಮಲ್ಲಿ ಇದು ಮಾಡಿತು. ಚಿಟ್ಟೆಗಳಿಗೆ ಅದರ ಹೂ ಪ್ರಾಣ ಅನ್ನುವುದೂ ಸುಳ್ಳಲ್ಲ. ನೆಲದ ಮೇಲೆ ಹರಡುವ ಗಿಡ್ಡ ಹಳದಿ ತಳಿಯಲ್ಲಿ ಕಾಯಿ ಕಟ್ಟುವುದು ಕಡಿಮೆ, ಕುಂಡದಲ್ಲಿ ಅದನ್ನಿಟ್ಟುಕೊಳ್ಳಬಹುದು. ಕಾಯಿ ಕಂಡರೆ ಮಾತ್ರ ಕಿತ್ತುಬಿಡಿ. ಹಸಿ ಕಾಯಿ ಮಕ್ಕಳ ಹೊಟ್ಟೆಗೆ ವಿಷ, ಸೊಪ್ಪು ಆಡು-ದನಕ್ಕೆ ವಿಷ.

ಕಮಲಾಪುರದ ಬಾಳೆಹಣ್ಣಿನ ಸಿಪ್ಪೆ

ಎಲ್ಲ ಚಿಟ್ಟೆಯೂ ಹೂವಿಗೇ ಬರುತ್ತದೆ ಅಂದುಕೊಂಡಿದ್ದೇವೆ ಅಲ್ಲವೇ? ಕೆಲವಕ್ಕೆ ಹೂವೇ ಬೇಡ. ಕೊಳೆತ ಹಣ್ಣಿನ ರಸ, ಮರದ ಗಾಯದಿಂದ ಸೋರುವ ರಸವೇ ಅವಕ್ಕೆ ಮೃಷ್ಟಾನ್ನ. ಸಂಜೆಗತ್ತಲಲ್ಲಿ ಒಣ ಎಲೆಯ ಹಾಗೆ ಹಾರಾಡುವ ಈವ್ನಿಂಗ್ ಬ್ರೌನ್ ಅಂಥದ್ದು. ಅವಕ್ಕೆ ಬಾಳೆಹಣ್ಣು ಬಹಳ ಇಷ್ಟ.

ಕಮಲಾಪುರದ ಕೆಂಪು ಬಾಳೆ ನಮ್ಮ ಜಿಲ್ಲೆಯ ಹೆಮ್ಮೆ, ಜಿಐ ಮಾನ್ಯತೆ ಪಡೆದ ಹಣ್ಣು. ಬೇರೆ ಬಾಳೆಗಿಂತ ಗೊನೆ ಬರಲು ಹೆಚ್ಚು ಕಾಲ ಬೇಕು, ಆದ್ದರಿಂದಲೇ ಬೆಲೆಯೂ ಜಾಸ್ತಿ. ಸಿರಿವಂತರ ಹಣ್ಣು ಅಂತಲೇ ಹೆಸರು. ಅಂಥ ಹಣ್ಣನ್ನು ಚಿಟ್ಟೆಗಿಡಿ ಅಂದರೆ ನಿಮ್ಮ ಮನೆಯವರು ನನ್ನನ್ನು ಸುಮ್ಮನೆ ಬಿಟ್ಟಾರೆಯೇ! ಸಿಪ್ಪೆ ಸಾಕು. ಒಳಬದಿಯಲ್ಲಿ ಸ್ವಲ್ಪ ತಿರುಳು ಉಳಿಸಿ, ಚಿಟಿಕೆ ಬೆಲ್ಲ ಹಚ್ಚಿ, ಒಂದು ದಿನ ಮುಚ್ಚಿಟ್ಟು ಹುಳಿ ಬರಿಸಿ. ಹಳೆಯ ತಟ್ಟೆಯಲ್ಲಿಟ್ಟು ಮೂರು ದಾರ ಕಟ್ಟಿ ನೆರಳಲ್ಲಿ ತೂಗುಹಾಕಿ. ದಾರಕ್ಕೆ ಒಂದಿಷ್ಟು ಹರಳೆಣ್ಣೆ ಸವರಿದರೆ ಇರುವೆ ಇಳಿಯುವುದು ಕಡಿಮೆ. ಎರಡು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಗುಂಗಾಡಿ ಕಾಟ. ಆ ಹಳೆಯ ಸಿಪ್ಪೆಯನ್ನು ಗೊಬ್ಬರದ ಬುಟ್ಟಿಗೆ ಹಾಕಿ.

ನಮ್ಮ ಓಣಿಯ ಆ ಸೊಸೆ ಶುರುಮಾಡಿದ್ದು ಇದರಿಂದಲೇ. ರೊಕ್ಕ ಬೇಡ, ನೀರು ಬೇಡ, ಯಾರ ಅಪ್ಪಣೆಯೂ ಬೇಡ. ತವರಿನಿಂದ ಬಂದ ಬಾಳೆಹಣ್ಣಿನ ಸಿಪ್ಪೆ ತಾನೆ! ಮಳೆಗಾಲದಲ್ಲಿ ಮಾಳಿಗೆ ಮೆಟ್ಟಿಲ ಕೆಳಗೆ ಕಟ್ಟಿದಳು. ಮೂರನೇ ದಿನ ಸಂಜೆ ಎರಡು ಕಂದು ಚಿಟ್ಟೆ ಬಂದು ಕೂತವು. “ಇಲ್ನೋಡ್ ಬಾ, ಏನೋ ಬಂದಾವ” ಎಂದು ಮೊಮ್ಮಗನನ್ನು ಕರೆದವರು ಮಾವನವರೇ ಅಂತೆ! ಈಗ ಆ ಮಾಳಿಗೆಯ ಮೇಲೆ ಒಂದು ನಿಂಬೆ ಸಸಿ, ಎರಡು ಪೆಂಟಾಸ್ ಇವೆ. ನೀರಿನ ಲೆಕ್ಕ ಮಾತ್ರ ಅವರು ಇನ್ನೂ ಕೇಳುತ್ತಾರೆ, ಕೇಳಲಿ ಬಿಡಿ.

ಬಾಳೆ ಎಲೆಯನ್ನು ಸಿಗರೇಟಿನ ಹಾಗೆ ಸುರುಳಿ ಸುತ್ತಿಕೊಂಡು ಒಳಗೆ ಅಡಗಿ ಕೂರುವ, ಮೈಗೆ ಬಿಳಿ ಪುಡಿ ಮೆತ್ತಿಕೊಂಡ ಹುಳುವೂ ಒಂದು ಚಿಟ್ಟೆಯ ಮರಿಯೇ. ಬಾಳೆ ಬೆಳೆಗಾರರಿಗೆ ಅದು ಶತ್ರು. ಹಿತ್ತಲಲ್ಲಿ ಒಂದೇ ಬಾಳೆ ಇದ್ದವರು ಸುರುಳಿಯನ್ನು ಕತ್ತರಿಸಿ ತೆಗೆದರೆ ಸಾಕು, ಔಷಧ ಹೊಡೆಯುವಷ್ಟು ದೊಡ್ಡ ಸಂಗತಿಯಲ್ಲ.

ನೀರಿನ ಲೆಕ್ಕ

ನಲ್ಲಿ ನೀರು ದಿನಾ ಬರದ ಓಣಿಯಲ್ಲಿ ಹೂವಿಗೆ ನೀರು ಹಾಕುವುದಕ್ಕೆ ಮನಸ್ಸು ಅಳುಕುವುದು ಸಹಜ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್‌ಗೆ ಹಾಕಿಟ್ಟುಕೊಳ್ಳಿ. ಐದಾರು ಕುಂಡಕ್ಕೆ ಅಷ್ಟೇ ಸಾಕಾಗುತ್ತದೆ. ಸೋಪಿನ ನೀರು, ಉಪ್ಪು ಹಾಕಿದ ನೀರು ಬೇಡ. ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ತೇವ ಹತ್ತಿದರೆ ಅವತ್ತು ನೀರು ಬೇಡ. ಮಾರ್ಚ್‌ನಿಂದ ಮಳೆ ಬರುವವರೆಗೆ ಬೆಳಗ್ಗೆ ಏಳರೊಳಗೆ ಹಾಕಿಬಿಡಿ.

ಕುಂಡಗಳನ್ನು ಒಂದಕ್ಕೊಂದು ತಾಗುವಂತೆ ಗುಂಪಾಗಿಡಿ, ಫರ್ಸಿಯ ಮೇಲೆ ನೇರ ಇಡದೆ ಎರಡು ಇಟ್ಟಿಗೆ ಅಥವಾ ಹಳೆಯ ಗೋಣಿಚೀಲ ಕೊಡಿ. ಮಣ್ಣಿನ ಮೇಲೆ ಎರಡು ಇಂಚು ತೊಗರಿ ಹೊಟ್ಟೋ ಶೇಂಗಾ ಸಿಪ್ಪೆಯೋ ಹರಡಿ. ಗಂಜ್ ಪ್ರದೇಶದ ದಾಲ್ ಮಿಲ್‌ಗಳ ಊರಿನಲ್ಲಿ ತೊಗರಿ ಹೊಟ್ಟಿಗೇನು ಬರ! ಹಸಿರು ನೆರಳುಬಲೆ ಕಟ್ಟಲು ಆಗದಿದ್ದರೆ ಹಳೆಯ ಕಾಟನ್ ಸೀರೆ ಕಟ್ಟಿ, ಅದರಷ್ಟು ತಂಪು ಇನ್ನೊಂದಿಲ್ಲ.

ಚಿಟ್ಟೆಗೂ ನೀರು ಬೇಕು. ಅಗಲ ತಟ್ಟೆಯಲ್ಲಿ ಮರಳು ತುಂಬಿ, ಚಿಟಿಕೆ ಉಪ್ಪು ಬೆರೆಸಿ, ಒದ್ದೆ ಮಾಡಿ ಬಿಸಿಲಲ್ಲಿಡಿ. ಗಂಡು ಚಿಟ್ಟೆಗಳು ಮಣ್ಣಿನ ಲವಣ ಹೀರಲು ಕೂರುತ್ತವೆ. ಮರಳು ಒದ್ದೆ ಇರಬೇಕಷ್ಟೇ, ಮೇಲೆ ನೀರು ನಿಲ್ಲಬಾರದು. ನಿಂತರೆ ಚಿಟ್ಟೆಯ ಬದಲು ಡೆಂಗಿ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಔಷಧದ ವಿಷಯದಲ್ಲಿ ಒಂದು ಮಾತು. ಬೇವಿನೆಣ್ಣೆ ನಿರಪಾಯ ಅಂದುಕೊಂಡು ಎಲ್ಲದರ ಮೇಲೂ ಸಿಂಪಡಿಸುತ್ತೇವೆ. ಚಿಟ್ಟೆಯ ಮರಿಗೆ ಅದೂ ವಿಷವೇ. ದಾಸವಾಳಕ್ಕೆ ಹತ್ತುವ ಬಿಳಿ ಹಿಟ್ಟುತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ನೀರು ರಭಸವಾಗಿ ಬಿಟ್ಟರೆ ಹೋಗುತ್ತದೆ. ಸಿಂಪಡಿಸಲೇಬೇಕೆಂದರೆ ಆ ಗಿಡವೊಂದನ್ನೇ ದೂರ ಸರಿಸಿ ಸಿಂಪಡಿಸಿ. ನರ್ಸರಿಯಿಂದ ತಂದ ಹೊಸ ಕರಿಬೇವಿಗೆ ಮೊದಲೇ ಕೀಟನಾಶಕ ಬಿದ್ದಿರಬಹುದು. ಹಳೆಯ ಎಲೆ ತೆಗೆದು ಹೊಸ ಚಿಗುರು ಬರುವವರೆಗೆ ಅಡುಗೆಗೂ ಬಳಸಬೇಡಿ, ಹುಳುವನ್ನೂ ಬಿಡಬೇಡಿ. ಸಸಿಗೆ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಮೊದಲು ವಿಚಾರಿಸಿ, ಕಡಿಮೆ ಬೆಲೆಗೆ ಸಿಗಬಹುದು.

ಕೋಶ ಕಟ್ಟಿದ ಮೇಲೆ ಅದನ್ನು ಮುಟ್ಟಬೇಡಿ, ಗಿಡ ಸ್ಥಳಾಂತರಿಸಬೇಡಿ. ಹತ್ತು ದಿನಗಳ ಆಸುಪಾಸಿನಲ್ಲಿ ಅದು ಕಪ್ಪಗಾಗುತ್ತದೆ. ಕೆಟ್ಟುಹೋಯಿತೆಂದು ಎಸೆಯುವವರೇ ಹೆಚ್ಚು. ಹತ್ತಿರದಿಂದ ನೋಡಿ, ತೆಳು ಪೊರೆಯೊಳಗೆ ರೆಕ್ಕೆಯ ಬಣ್ಣ ಕಾಣುತ್ತಿರುತ್ತದೆ. ಹೊರಬರುವುದು ಸಾಮಾನ್ಯವಾಗಿ ಬೆಳಗಿನ ಹೊತ್ತು, ಹಾಲು ಕಾಯಿಸುವ, ಡಬ್ಬಿ ಕಟ್ಟುವ ಗಡಿಬಿಡಿಯಲ್ಲೇ. ರೆಕ್ಕೆ ಮುದುಡಿಕೊಂಡು ಒದ್ದೆಯಾಗಿ ತೂಗಾಡುತ್ತಿರುತ್ತದೆ ಅಂತ ಬಿಡಿಸಲು ಹೋಗಬೇಡಿ. ಒಂದೆರಡು ತಾಸಿನಲ್ಲಿ ರೆಕ್ಕೆ ತಾನೇ ಒಣಗಿ ಗಟ್ಟಿಯಾಗುತ್ತದೆ. ಅಷ್ಟು ಹೊತ್ತು ಕಾಗೆ-ಗುಬ್ಬಿ ಹತ್ತಿರ ಸುಳಿಯದಂತೆ ಯಾರಾದರೊಬ್ಬರು ಅಲ್ಲಿ ಕೂತಿದ್ದರೆ ಒಳ್ಳೆಯದು. ಶಾಲೆಗೆ ರಜೆಯಿದ್ದರೆ ಆ ಕೆಲಸಕ್ಕೆ ಮನೆಯಲ್ಲಿ ಜನ ಸಿಗುತ್ತಾರೆ.